ಸರಕಿಲ್ಲದ ಹಡಗಿನಲ್ಲಿ: ಬರ್ಗನ್‌ನಿಂದ ಶೆಟ್‌ಲ್ಯಾಂಡ್‌ಗೆ

ಗುರುವಾರ, ಬ್ರಾಡ್‌ಬೆಂಕನ್ ಧಕ್ಕೆ

ನಾರ್ವೆಯ ಬರ್ಗನ್ ನಗರದ ಮೀನುಪೇಟೆಯಿಂದ ಬ್ರಿಗ್ಗನ್‌ನ ಹಳೆಯ ಮರದ ಮಳಿಗೆಗಳ ಸಾಲು ಹಿಡಿದು ನೀರಿನಂಚಿನಲ್ಲೇ ನಡೆದರೆ, ಬರ್ಗನ್‌ಹೂಸ್ ಕೋಟೆಯ ಬುಡದಲ್ಲಿ ಬ್ರಾಡ್‌ಬೆಂಕನ್ ಎಂಬ ಧಕ್ಕೆ ಸಿಗುತ್ತದೆ. ‘ಸ್ಟಾಟ್ಸ್‌ರಾಡ್ ಲೆಮ್‌ಕೂಲ್’ ಎಂಬ ಹಾಯಿಹಡಗು ಊರಿನಲ್ಲಿದ್ದಾಗ ನಿಲ್ಲುವುದು ಅಲ್ಲಿಯೇ. ಮೂರು ಕೂವೆಕಂಬಗಳ, 98 ಮೀಟರ್ ಉದ್ದದ, ಬಿಳಿ ಬಣ್ಣ ಬಳಿದ ಉಕ್ಕಿನ ಬಾರ್ಕ್ ಅದು. ಬಾರ್ಕ್‌ನಲ್ಲಿ ಮುಂದಿನ ಕಂಬಗಳಿಗೆ ಅಡ್ಡತೊಲೆಗಳಿಂದ ಇಳಿಬಿಟ್ಟ ಚೌಕ ಹಾಯಿಗಳಿರುತ್ತವೆ. ಕೊನೆಯ ಕಂಬಕ್ಕೆ ಮಾತ್ರ ಹಡಗಿನ ಉದ್ದಕ್ಕೆ ಕಟ್ಟುವ ಹಾಯಿ. ಕಂಬದ ಎತ್ತರ 48 ಮೀಟರ್, ಒಟ್ಟು ಹಾಯಿಗಳು 22, ಎಲ್ಲವನ್ನೂ ಬಿಚ್ಚಿದರೆ ಗಾಳಿಗೆ ಒಡ್ಡಿಕೊಳ್ಳುವ ಬಟ್ಟೆ 2,026 ಚದರ ಮೀಟರ್.

ನನ್ನನ್ನು ಈ ಹಡಗಿಗೆ ಎಳೆದು ತಂದವಳು ಬರ್ಗನ್ ವಿಶ್ವವಿದ್ಯಾಲಯದಲ್ಲಿ ಸಮುದ್ರಜೀವಿಗಳ ಬಗ್ಗೆ ಓದುತ್ತಿರುವ ನನ್ನ ಅಣ್ಣನ ಮಗಳು. ಬೇಸಿಗೆಯಲ್ಲಿ ಇಂಥ ಹಡಗುಗಳು ಸಾರ್ವಜನಿಕರನ್ನು ಟ್ರೈನಿಗಳಾಗಿ ಸೇರಿಸಿಕೊಂಡು ಸಮುದ್ರಕ್ಕೆ ಹೋಗುತ್ತವೆ. ಮುಂಚಿನ ಅನುಭವ ಬೇಕಿಲ್ಲ, ಆದರೆ ಪ್ರಯಾಣಿಕನಂತೆ ಕುರ್ಚಿಯಲ್ಲಿ ಕೂರುವ ಹಕ್ಕೂ ಇಲ್ಲ. ಹಣ ಕೊಟ್ಟು ಟಿಕೆಟ್ ಕೊಂಡ ಮೇಲೆ ಹಗ್ಗ ಎಳೆಯಬೇಕು, ರಾತ್ರಿ ಕಾವಲು ನಿಲ್ಲಬೇಕು, ಶೌಚಾಲಯ ತೊಳೆಯಬೇಕು. ಊರಿನಲ್ಲಿ ಇದನ್ನು ವಿವರಿಸಿದಾಗ ನನ್ನ ತಮ್ಮ, “ಅಂದರೆ ದುಡ್ಡು ಕೊಟ್ಟು ಕೂಲಿ ಮಾಡುವುದಾ?” ಎಂದು ಕೇಳಿದ್ದ. ಆ ಪ್ರಶ್ನೆಗೆ ಹೌದು ಎನ್ನುವುದಕ್ಕಿಂತ ಉತ್ತಮ ಉತ್ತರ ಆಗ ನನ್ನಲ್ಲಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಹೊರಡುವವರು ಗಮನಿಸಬೇಕಾದ ಸಂಗತಿಯೊಂದಿದೆ: ನಾವು ಹೊರಟ ಶೆಟ್‌ಲ್ಯಾಂಡ್ ದ್ವೀಪಸಮೂಹ ಬ್ರಿಟನ್ನಿಗೆ ಸೇರಿದ್ದು, ಬರ್ಗನ್ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇರುವ ಷೆಂಗೆನ್ ವಲಯದಲ್ಲಿದೆ, ಆದ್ದರಿಂದ ಬ್ರಿಟನ್ನಿನ ವೀಸಾದ ಜೊತೆಗೆ ಬಹುಪ್ರವೇಶದ ಷೆಂಗೆನ್ ವೀಸಾ ಕೂಡ ಬೇಕು. ಇಲ್ಲದಿದ್ದರೆ ಹೋದ ಹಡಗಿನಲ್ಲೇ ಹಿಂದಿರುಗಿದರೂ ಬರ್ಗನ್‌ನಲ್ಲಿ ಇಳಿಯುವುದಕ್ಕೆ ಬಿಡುವುದಿಲ್ಲ.

ಹಡಗಿನ ಚರಿತ್ರೆಯನ್ನು ನಮ್ಮ ಪಾಳಿಯ ಮುಖ್ಯಸ್ಥೆ ಡೆಕ್ಕಿನ ಮೇಲೆ ನಿಲ್ಲಿಸಿಕೊಂಡೇ ಹೇಳಿದರು. 1914ರಲ್ಲಿ ಜರ್ಮನಿಯ ಗೀಸ್ಟಮ್ಯುಂಡೆಯ ಟೆಕ್ಲೆನ್‌ಬೋರ್ಗ್ ಕಾರ್ಖಾನೆಯಲ್ಲಿ, ಜರ್ಮನ್ ಶಾಲಾಹಡಗು ಸಂಘಕ್ಕಾಗಿ, ‘ಗ್ರೋಸ್‌ಹರ್ಟ್ಸೋಗ್ ಫ್ರೀಡ್ರಿಶ್ ಆಗುಸ್ಟ್’ ಎಂಬ ಹೆಸರಿನಲ್ಲಿ ಇದು ನೀರಿಗಿಳಿಯಿತು. ಮೊದಲ ಮಹಾಯುದ್ಧದ ನಂತರ ಬ್ರಿಟಿಷರ ವಶವಾದದ್ದನ್ನು 1921ರಲ್ಲಿ ಬರ್ಗನ್‌ನ ಹಡಗು ಕಂಪನಿ ಕೊಂಡಿತು. ಅದಕ್ಕೆ ಮುಂದಾಳಾಗಿದ್ದ ಮಾಜಿ ಸಚಿವ ಕ್ರಿಸ್ಟೋಫರ್ ಲೆಮ್‌ಕೂಲ್ ಅವರ ಹೆಸರೇ ಹಡಗಿಗೂ ಬಂದಿತು. ಎರಡನೆಯ ಯುದ್ಧದಲ್ಲಿ ಜರ್ಮನ್ನರು ಮತ್ತೆ ಕಿತ್ತುಕೊಂಡು ‘ವೆಸ್ಟ್‌ವೆರ್ಟ್ಸ್’ ಎಂದು ಕರೆದರು. 1960ರ ದಶಕದಲ್ಲಿ ಖರ್ಚು ತೂಗಿಸಲಾಗದೆ ಪರದೇಶಕ್ಕೆ ಮಾರಾಟವಾಗುವ ಸ್ಥಿತಿ ಬಂದಾಗ ಹಿಲ್ಮಾರ್ ರೆಕ್‌ಸ್ಟೆನ್ ಎಂಬ ಹಡಗಿನೊಡೆಯ ಕೊಂಡು ಉಳಿಸಿದರು. 1978ರಲ್ಲಿ ಅದು ಇಂದಿನ ಪ್ರತಿಷ್ಠಾನದ ಕೈಗೆ ಬಂದಿತು. ಅದೇ ಜರ್ಮನ್ ಸಂಘ ಕಟ್ಟಿಸಿದ ಬೇರೆ ಶಾಲಾಹಡಗುಗಳಲ್ಲಿ ಒಂದು ಈಗ ಪೋಲೆಂಡಿನ ಗ್ಡಿನಿಯಾದಲ್ಲಿ ‘ದಾರ್ ಪೊಮೋಝಾ’ ಎಂಬ ಹೆಸರಿನಲ್ಲಿ, ಇನ್ನೊಂದು ಫ್ರಾನ್ಸಿನ ಡನ್‌ಕರ್ಕ್‌ನಲ್ಲಿ ‘ಡುಶೆಸ್ ಆನ್’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯಗಳಾಗಿ ನಿಂತಿವೆ. ಸಮುದ್ರಕ್ಕೆ ಹೋಗುತ್ತಿರುವುದು ಇದು.

ಈ ಹಡಗು ಹುಟ್ಟಿದಂದಿನಿಂದಲೂ ಶಾಲೆಯೇ ಹೊರತು ಸರಕು ಸಾಗಿಸುವ ಹಡಗಲ್ಲ ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಾನು ಹುಟ್ಟಿದ್ದು ಗಂಗೊಳ್ಳಿಯಲ್ಲಿ. ನಮ್ಮ ಕರಾವಳಿಯ ಮಂಜಿಗಳೆಂಬ ಮರದ ಸರಕುಹಡಗುಗಳು ಹಂಚು, ಅಕ್ಕಿ, ತೆಂಗಿನಕಾಯಿ ಹೇರಿಕೊಂಡು ಹಾಯಿ ಬಿಚ್ಚುತ್ತಿದ್ದವು; ಅಲ್ಲಿ ಕಲಿಕೆ ಎನ್ನುವುದು ಬೇರೆಯಾಗಿ ಇರಲೇ ಇಲ್ಲ. ಅಡುಗೆಯ ಭಂಡಾರಿಯ ಕೈಕೆಳಗೆ ಸೇರಿದ ಹುಡುಗ ಸೌದೆ ಒಟ್ಟುತ್ತ, ನೀರು ಮೊಗೆಯುತ್ತ, ಗಾಳಿಯ ಗುಣ ಕಲಿತು ಖಲಾಸಿಯಾಗುತ್ತಿದ್ದ; ಅದೃಷ್ಟವಿದ್ದರೆ ಹಡಗು ನಡೆಸುವ ತಾಂಡೇಲನೂ ಆಗುತ್ತಿದ್ದ. ಇಲ್ಲಿ ಮಾತ್ರ ಸರಕನ್ನು ಪೂರ್ತಿ ಕೆಳಗಿಳಿಸಿ ಕಲಿಕೆಯನ್ನಷ್ಟೇ ಹೇರಿಕೊಂಡಿದ್ದಾರೆ.

ಸುಮಾರು 150 ಟ್ರೈನಿಗಳಿಗೆ ಜಾಗವಿರುವ ಹಡಗಿನಲ್ಲಿ ಮಲಗುವುದಕ್ಕೆ ಕೋಣೆಗಳಿಲ್ಲ. ಮುಖ್ಯ ಡೆಕ್ಕಿನ ಕೆಳಗಿನ ಉದ್ದನೆಯ ಹಜಾರದಲ್ಲಿ ಮಾಡಿನ ಕೊಕ್ಕೆಗಳಿಗೆ ಕ್ಯಾನ್‌ವಾಸಿನ ಜೋಲಿ ಕಟ್ಟಿಕೊಂಡು ಮಲಗಬೇಕು. ಊಟದ ಮೇಜುಗಳಿರುವುದೂ ಅದೇ ಹಜಾರದಲ್ಲಿ. ಜೋಲಿಯ ಹಗ್ಗಕ್ಕೆ ಹಾಕಬೇಕಾದ ಗಂಟನ್ನು ಹದಿನೇಳರ ಹುಡುಗನೊಬ್ಬ ನನಗೆ ತಾಳ್ಮೆಯಿಂದ ಕಲಿಸಿದ. ಎಳೆದಾಗ ಬಿಗಿಯಾಗಬೇಕು, ತುದಿ ಹಿಡಿದು ಸೆಳೆದರೆ ಒಂದೇ ಸಲಕ್ಕೆ ಬಿಚ್ಚಬೇಕು. ಅಪಾಯದ ಗಂಟೆ ಬಾರಿಸಿದಾಗ ಗಂಟಿನೊಂದಿಗೆ ಗುದ್ದಾಡುತ್ತ ನಿಲ್ಲುವ ಹಾಗಿಲ್ಲ.

ಸಂಜೆ ಎಂಜಿನ್ನಿನ ಬಲದಿಂದಲೇ ಹೊರಟೆವು. ದ್ವೀಪಗಳ ನಡುವಿನ ಇಕ್ಕಟ್ಟಾದ ವಾಟ್ಲೆಸ್ಟ್ರೌಮನ್ ಕಾಲುವೆ ದಾಟಿ, ಕೋರ್ಸ್‌ಫ್ಯೋರ್ಡಿನ ಬಾಯಿಯಲ್ಲಿರುವ ಮಾರ್‌ಸ್ಟೈನನ್ ದೀಪಸ್ತಂಭ ಹಿಂದೆ ಸರಿಯುವ ಹೊತ್ತಿಗೆ ರಾತ್ರಿ ಹತ್ತು ಮೀರಿತ್ತು. ಸೂರ್ಯ ಇನ್ನೂ ಮುಳುಗಿರಲಿಲ್ಲ.

ಶುಕ್ರವಾರ, ಉತ್ತರ ಸಮುದ್ರ

ಹಡಗಿನವರನ್ನೆಲ್ಲ ಮೂರು ಪಾಳಿಗಳಾಗಿ ವಿಂಗಡಿಸುತ್ತಾರೆ: ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ನಮಗೆ ಸಿಕ್ಕಿದ್ದು ಹನ್ನೆರಡರಿಂದ ನಾಲ್ಕರ ಪಾಳಿ. ಮಧ್ಯಾಹ್ನದ ನಾಲ್ಕು ಗಂಟೆ ಸುಖ, ನಡುರಾತ್ರಿಯ ನಾಲ್ಕು ಗಂಟೆ ತಪಸ್ಸು. ಪಾಳಿಯೊಳಗೆ ಮತ್ತೆ ಸರದಿಯಿದೆ: ಚುಕ್ಕಾಣಿಗೆ ಇಬ್ಬರು, ಹಡಗಿನ ಮೂತಿಯಲ್ಲಿ ಎದುರಿನ ಸಮುದ್ರ ನೋಡುವ ಕಾವಲು, ಯಾರಾದರೂ ನೀರಿಗೆ ಬಿದ್ದರೆ ತೇಲುಬಳೆ ಎಸೆದು ಕೂಗುವುದಕ್ಕೆ ಹಿಂಭಾಗದಲ್ಲೊಬ್ಬ, ಬೆಂಕಿ, ಹೊಗೆ, ಸೋರಿಕೆಗಳ ತಪಾಸಣೆಗೆ ಹಡಗಿನ ಒಡಲಿನಲ್ಲೆಲ್ಲ ಸುತ್ತುವ ಗಸ್ತು. ಉಳಿದವರು ಡೆಕ್ಕಿನ ಮೇಲೆ ಹಾಯಿಯ ಕೆಲಸಕ್ಕೆ ಸಿದ್ಧರಾಗಿ ಕೂತಿರಬೇಕು.

ಬೆಳಗಿನ ಜಾವದಲ್ಲಿ ವಾಯವ್ಯದ ಗಾಳಿ ಹದಿನೈದು ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್‌ಗೆ, ಏರಿದಾಗ ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚುವ ಆಜ್ಞೆ ಬಂದಿತು. ಚೌಕ ಹಾಯಿಯೊಂದನ್ನು ಹರಡುವುದೆಂದರೆ ಪರದೆ ಎಳೆದಂತಲ್ಲ. ಮೊದಲು ಕೆಲವರು ಮೇಲೆ ಹತ್ತಿ, ಅಡ್ಡತೊಲೆಗೆ ಸುತ್ತಿ ಬಿಗಿದ ಬಟ್ಟೆಯ ಕಟ್ಟುಗಳನ್ನು ಬಿಚ್ಚಬೇಕು. ಆಮೇಲೆ ಡೆಕ್ಕಿನಲ್ಲಿ ಒಂದು ಗುಂಪು ಹಾಯಿಯನ್ನು ಮೇಲಕ್ಕೆ ಸೆಳೆದಿಟ್ಟ ಹಗ್ಗಗಳನ್ನು ಹದವಾಗಿ ಸಡಿಲಿಸುತ್ತಿರಬೇಕು. ಇನ್ನೊಂದು ಗುಂಪು ಹಾಯಿಯ ಕೆಳಮೂಲೆಗಳನ್ನು ಕೆಳಗಿನ ತೊಲೆಯ ತುದಿಗಳಿಗೆ ಎಳೆಯಬೇಕು. ಕೊನೆಗೆ ಮತ್ತೊಂದು ಗುಂಪು ಹ್ಯಾಲ್ಯಾರ್ಡ್ ಎಂಬ ಎತ್ತುವ ಹಗ್ಗ ಹಿಡಿದು ಮೇಲಿನ ತೊಲೆಯನ್ನೇ ಕಂಬದುದ್ದಕ್ಕೆ ಎತ್ತಬೇಕು. ಸಡಿಲಿಸುವವರು ಅವಸರ ಮಾಡಿದರೆ ಹಾಯಿ ಹುಚ್ಚೆದ್ದು ಬಡಿಯುತ್ತದೆ, ತಡ ಮಾಡಿದರೆ ಎಳೆಯುವವರ ಬೆವರು ವ್ಯರ್ಥ. ತೊಲೆಗಳನ್ನು ಗಾಳಿಯ ದಿಕ್ಕಿಗೆ ತಿರುಗಿಸುವ ಬ್ರೇಸ್ ಹಗ್ಗಗಳ ವಿಷಯವೂ ಇಷ್ಟೇ: ಒಂದು ಬದಿಯವರು ಎಳೆದಷ್ಟನ್ನೇ ಎದುರು ಬದಿಯವರು ಬಿಡಬೇಕು, ಮತ್ತು ಅವರಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

ಮೊದಲ ಎಳೆತದಲ್ಲಿಯೇ ನಮ್ಮ ಗುಂಪಿನ ಒರಟುತನ ಬಯಲಾಯಿತು. ಹೆಚ್ಚಿನವರು ಕಛೇರಿಯ ಕುರ್ಚಿಗಳಿಂದ ಎದ್ದು ಬಂದವರು. ತಮ್ಮ ತಮ್ಮ ಶಕ್ತಿ ತೋರಿಸುವ ಉತ್ಸಾಹದಲ್ಲಿ ಒಬ್ಬೊಬ್ಬರು ಒಂದೊಂದು ಕ್ಷಣಕ್ಕೆ ಎಳೆಯುತ್ತಿದ್ದರು, ಹಗ್ಗ ಒಂದು ಗೇಣೂ ಅಲ್ಲಾಡುತ್ತಿರಲಿಲ್ಲ. ಪಾಳಿಯ ಮುಖ್ಯಸ್ಥೆ ಎಲ್ಲರನ್ನೂ ನಿಲ್ಲಿಸಿ, ಹಿಂದಿನವಳ ಉಸಿರು ಕೇಳಿಸುವಷ್ಟು ಹತ್ತಿರ ನಿಲ್ಲಿಸಿ, ತಾವು ಕೂಗಿದಾಗ ಮಾತ್ರ ಒಟ್ಟಿಗೆ ವಾಲಬೇಕೆಂದರು. ತೋಳಿನಿಂದಲ್ಲ, ಮೈಭಾರದಿಂದ. ಮೂರನೆಯ ಕೂಗಿಗೆ ತಲೆಯ ಮೇಲೆಲ್ಲೋ ಕಬ್ಬಿಣ ನರಳಿದ ಸದ್ದಾಗಿ ತೊಲೆ ತಿರುಗತೊಡಗಿತು. ಯಂತ್ರವೊಂದು ಈ ಕೆಲಸವನ್ನು ಎರಡೇ ನಿಮಿಷದಲ್ಲಿ ಮಾಡಿ ಮುಗಿಸಬಲ್ಲದು. ಅಂಥ ಯಂತ್ರಗಳಿರುವ ಹಾಯಿಹಡಗುಗಳೂ ಜಗತ್ತಿನಲ್ಲಿವೆ. ಇಲ್ಲಿ ಬೇಕೆಂದೇ ಕೈಗಳ ಅವಲಂಬನೆಯನ್ನು ಉಳಿಸಿಕೊಂಡಿದ್ದಾರೆ. ದಕ್ಷತೆಯ ಲೆಕ್ಕದಿಂದ ನೋಡಿದರೆ ಇದು ಶುದ್ಧ ನಷ್ಟ. ಆದರೆ ಈ ಹಡಗು ಸಾಗಿಸುವುದು ಕೆಲಸವನ್ನೇ ಆದ್ದರಿಂದ, ಕೆಲಸ ಕಡಿಮೆ ಮಾಡುವುದು ಹಡಗನ್ನು ಬರಿದು ಮಾಡಿದಂತೆ.

ಚೌಕ ಹಾಯಿಯ ಹಡಗು ಗಾಳಿಗೆ ತೀರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿಗೆ ಅರವತ್ತು ಡಿಗ್ರಿಗಿಂತ ಹತ್ತಿರ ಮುಖ ಮಾಡಿದರೆ ಹಾಯಿಗಳು ಹಿಮ್ಮುಖವಾಗಿ ಉಬ್ಬಿ ಹಡಗೇ ನಿಂತುಬಿಡುತ್ತದೆ. ಪಶ್ಚಿಮಕ್ಕೆ ಹೋಗಬೇಕಾದ ನಮಗೆ ವಾಯವ್ಯದ ಗಾಳಿ ಇಕ್ಕಟ್ಟಿನದೇ. ನೈಋತ್ಯದ ಕಡೆಗೆ ಒಂದಷ್ಟು ವಾಲಿಕೊಂಡು ಓಡಿದೆವು. ಗಾಳಿ ಉತ್ತರಕ್ಕೆ ತಿರುಗಿದ ಮೇಲೆ ಸರಿಯಾದ ದಾರಿ ಹಿಡಿದೆವು. ಬರ್ಗನ್‌ಗೂ ಶೆಟ್‌ಲ್ಯಾಂಡಿನ ಲರ್ವಿಕ್ ಊರಿಗೂ ನಡುವಿನ ನೇರ ದೂರ ಸುಮಾರು 190 ನಾಟಿಕಲ್ ಮೈಲಿ. ಹಾಯಿಹಡಗಿಗೆ ಆ ನೇರ ಗೆರೆ ಒಂದು ಸಲಹೆ ಮಾತ್ರ.

ಕಡಲಬೇನೆಯ ವಿಷಯ ಹೇಳದಿದ್ದರೆ ಈ ಕಥನ ಸುಳ್ಳಾದೀತು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಟ್ರೈನಿಗಳ ಮುಖ ಬಿಳಿಚಿತ್ತು. ಮದ್ದು ಎರಡೇ: ಒಣ ರೊಟ್ಟಿಯ ತುಂಡು ಕಚ್ಚುತ್ತ ದಿಗಂತವನ್ನು ನೋಡುವುದು, ಇಲ್ಲವೇ ಚುಕ್ಕಾಣಿ ಹಿಡಿಯುವುದು. ವಾಂತಿ ಬಂದರೆ ಗಾಳಿ ಬೀಸುವ ಬದಿಗೆ ಹೋಗಕೂಡದು ಎಂಬುದನ್ನು ಹಡಗು ಹತ್ತಿದ ಮೊದಲ ಗಂಟೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೂ ಒಬ್ಬರಾದರೂ ಅದನ್ನು ಸ್ವಂತ ಅನುಭವದಿಂದಲೇ ಕಲಿಯುತ್ತಾರೆ. ಅಣ್ಣನ ಮಗಳು ಗೋಡೆಗೊರಗಿ ಕೂತಿದ್ದ ನನ್ನನ್ನು ನೋಡಿ, “ಚಿಕ್ಕಪ್ಪ, ಒಳಗೆ ಹೋಗಿ ಮಲಗಿದ್ರೆ ಮುಗೀತು, ಮತ್ತೆ ಏಳ್ಲಿಕ್ಕೆ ಆಗುದಿಲ್ಲ. ಬನ್ನಿ, ಚುಕ್ಕಾಣಿಗೆ ನಿಲ್ಲುವ” ಎಂದು ಎಬ್ಬಿಸಿದಳು.

ಚಕ್ರದ ಒಂದೊಂದು ಬದಿಗೆ ಒಬ್ಬೊಬ್ಬರು ನಿಂತೆವು. ದಿಕ್ಸೂಚಿಯ ಮುಳ್ಳನ್ನೇ ಕಣ್ಣು ಕೀಳದೆ ನೋಡುತ್ತಿದ್ದರೆ ಹಡಗು ಹಾವಿನಂತೆ ಹೊರಳುತ್ತದೆ. ಚಕ್ರ ತಿರುಗಿಸಿದ್ದಕ್ಕೂ ಹಡಗು ತಿರುಗುವುದಕ್ಕೂ ನಡುವೆ ಅಷ್ಟು ಹೊತ್ತು ಕಳೆಯುತ್ತದೆ. ನಮ್ಮ ಪಕ್ಕದಲ್ಲಿದ್ದ ಹಳಬರು ಮುಳ್ಳನ್ನು ಬಿಟ್ಟು ಎದುರಿನ ಮೋಡವೊಂದನ್ನು ಗುರುತಾಗಿ ಇಟ್ಟುಕೊಳ್ಳಿ, ಮೋಡ ಸರಿದಾಗ ಮಾತ್ರ ಮುಳ್ಳಿನ ಕಡೆ ನೋಡಿ ಎಂದರು. ಅರ್ಧ ಗಂಟೆಯಲ್ಲಿ ಹಡಗು ತಿರುಗುವ ಮುನ್ನವೇ ಅಂಗಾಲಿಗೆ ಅದರ ಸುಳಿವು ಸಿಗತೊಡಗಿತು. ವಾಕರಿಕೆ ಯಾವಾಗ ಬಿಟ್ಟಿತೋ ಗಮನಿಸಲಿಲ್ಲ.

ನಡುರಾತ್ರಿಯ ಪಾಳಿಯಲ್ಲಿ ಕಾವಲು ನಿಂತಾಗ ಪೂರ್ತಿ ಕತ್ತಲಾಗಲೇ ಇಲ್ಲ. ಉತ್ತರದ ಅಂಚಿನಲ್ಲಿ ಬೂದು ಬೆಳಕು ಇದ್ದೇ ಇತ್ತು. ಅದರ ಮುಂದೆ ತೈಲಬಾವಿಯ ವೇದಿಕೆಯೊಂದು ದೀಪಗಳ ಸಮೇತ ನಿಂತಿತ್ತು. ಗಾಳಿ ಬಿದ್ದುಹೋಗಿ ನಮ್ಮ ಎಂಜಿನ್ ಮತ್ತೆ ಶುರುವಾಗಿತ್ತಾದ್ದರಿಂದ ಆ ವೇದಿಕೆಯನ್ನು ಕಂಡು ಮೂಗು ಮುರಿಯುವ ನೈತಿಕ ಹಕ್ಕು ನಮಗಾರಿಗೂ ಇರಲಿಲ್ಲ.

ಶನಿವಾರ, ಲರ್ವಿಕ್

ಬೆಳಿಗ್ಗೆ ಬ್ರೆಸೆ ದ್ವೀಪದ ದೀಪಸ್ತಂಭವನ್ನು ದಾಟಿ ಲರ್ವಿಕ್ ಬಂದರಿಗೆ ಬಂದೆವು. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು. ಏಳು ಸಾವಿರದಷ್ಟು ಜನರ ಈ ಊರು 1999, 2011 ಮತ್ತು 2023ರಲ್ಲಿ ಹಾಯಿಹಡಗುಗಳ ಪಂದ್ಯವಾದ ಟಾಲ್ ಶಿಪ್ಸ್ ರೇಸ್‌ಗಳ ಆತಿಥ್ಯ ವಹಿಸಿದೆ ಎಂದರೆ ನಂಬುವುದು ಕಷ್ಟ. ರೇಸಿನ ಹಡಗುಗಳೆಲ್ಲ ಒಟ್ಟಿಗೆ ಬಂದು ನಿಂತರೆ ಊರಿಗಿಂತ ಬಂದರೇ ದೊಡ್ಡದಾಗಿ ಕಾಣುತ್ತಿರಬೇಕು.

ಈ ರೇಸುಗಳು ಹುಟ್ಟಿದ್ದು ವಿದಾಯದ ಸಮಾರಂಭವಾಗಿ. ಲಂಡನ್ನಿನ ವಕೀಲ ಬರ್ನಾರ್ಡ್ ಮಾರ್ಗನ್ ಎಂಬವರ ಯೋಚನೆಯಂತೆ, ಹಾಯಿಹಡಗುಗಳ ಕಾಲ ಮುಗಿಯಿತೆಂದು, 1956ರಲ್ಲಿ ಇಂಗ್ಲೆಂಡಿನ ಟೋರ್ಬೇಯಿಂದ ಲಿಸ್ಬನ್‌ಗೆ ಒಂದೇ ಒಂದು ಕೊನೆಯ ಪಂದ್ಯ ನಡೆಸುವ ಏರ್ಪಾಡಾಯಿತು. ಇಪ್ಪತ್ತರಷ್ಟು ಹಡಗುಗಳು ಓಡಿದವು. ಸೌತಾಂಪ್ಟನ್ನಿನ ನೌಕಾವಿದ್ಯಾಶಾಲೆಯ ಹುಡುಗರ ‘ಮೊಯಾನಾ’ ಗೆದ್ದು, ಊರಿಗೆ ಮರಳುವಾಗ ಬಿರುಗಾಳಿಗೆ ಸಿಕ್ಕಿ ಮುಳುಗಿತು, ಹುಡುಗರೆಲ್ಲ ಬದುಕಿದರು. ಜನ ತೋರಿದ ಆಸಕ್ತಿಯಿಂದಾಗಿ ವಿದಾಯವೇ ಪರಂಪರೆಯಾಗಿಬಿಟ್ಟಿತು. ಈಗ ಸೇಲ್ ಟ್ರೈನಿಂಗ್ ಇಂಟರ್‌ನ್ಯಾಷನಲ್ ನಡೆಸುವ ಈ ರೇಸುಗಳಲ್ಲಿ ಭಾಗವಹಿಸುವ ಪ್ರತಿ ಹಡಗಿನ ಸಿಬ್ಬಂದಿಯಲ್ಲಿ ಅರ್ಧದಷ್ಟಾದರೂ 15ರಿಂದ 25 ವರ್ಷದವರಿರಬೇಕು. ವೇಗಕ್ಕೆ ಬಹುಮಾನಗಳಿವೆ, ಆದರೆ ಎಲ್ಲ ಹಡಗಿನವರೂ ಮತ ಹಾಕಿ ಆರಿಸುವ ಸ್ನೇಹದ ಬಹುಮಾನಕ್ಕೆ ಅದಕ್ಕಿಂತ ಹೆಚ್ಚಿನ ಮಾನ.

ಆದರೆ ಈ ಲೋಕದ ಬುನಾದಿಯಲ್ಲಿ ಸಾವೂ ಇದೆ. ಮೊದಲ ರೇಸಿನ ಮರುವರ್ಷ, 1957ರ ಸೆಪ್ಟೆಂಬರ್ 21ರಂದು, ಬ್ಯೂನಸ್ ಐರಿಸ್‌ನಿಂದ ಬಾರ್ಲಿ ಹೇರಿಕೊಂಡು ಹ್ಯಾಂಬರ್ಗ್‌ಗೆ ಹೊರಟಿದ್ದ ಜರ್ಮನಿಯ ಹಾಯಿಹಡಗು ‘ಪಾಮಿರ್’ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿತು. ಸಡಿಲವಾಗಿ ಸುರಿದಿದ್ದ ಧಾನ್ಯ ಒಂದು ಬದಿಗೆ ಜಾರಿ ಹಡಗು ಮಗುಚಿತು. ಅದರಲ್ಲಿದ್ದ 86 ಜನರಲ್ಲಿ 52 ಮಂದಿ ಕೆಡೆಟ್‌ಗಳು. ಬದುಕುಳಿದವರು ಒಟ್ಟು ಆರೇ ಜನ. ಸರಕನ್ನೂ ಹುಡುಗರನ್ನೂ ಒಂದೇ ಹಾಯಿಹಡಗಿನಲ್ಲಿ ಸಾಗಿಸುವ ಪದ್ಧತಿ ಜರ್ಮನಿಯಲ್ಲಿ ಅಲ್ಲಿಗೆ ಮುಗಿಯಿತು. ನಾವು ಬಂದ ಹಡಗಿನಲ್ಲಿ ಜಾರುವಂಥದ್ದು ಏನೂ ಇಲ್ಲದಿರುವುದರ ಅರ್ಥ ನನಗೆ ಆಗ ಇನ್ನಷ್ಟು ಸ್ಪಷ್ಟವಾಯಿತು.

ಬಂದರಿನಲ್ಲಿ ‘ಸ್ವಾನ್’ ನಿಂತಿತ್ತು. 1900ರಲ್ಲಿ ಇದೇ ಊರಿನಲ್ಲಿ ಹೆರಿಂಗ್ ಮೀನುಗಾರಿಕೆಗೆಂದು ನೀರಿಗಿಳಿದ ಮರದ ದೋಣಿ ಅದು. ಕಾಲಾನಂತರ ಕೈಬದಲಾಗುತ್ತ ಹೋಗಿ, ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಪಾಳುಬಿದ್ದಿದ್ದದ್ದನ್ನು ಶೆಟ್‌ಲ್ಯಾಂಡಿನವರು 1990ರಲ್ಲಿ ಮರಳಿ ತಂದು, ಟ್ರಸ್ಟ್ ಕಟ್ಟಿ, ರಿಪೇರಿ ಮಾಡಿ, ಈಗ ತಮ್ಮ ಮಕ್ಕಳನ್ನು ಅದರಲ್ಲಿ ಸಮುದ್ರಕ್ಕೆ ಕಳುಹಿಸುತ್ತಾರೆ. ನೋಡುತ್ತ ನಿಂತಾಗ ನನಗೆ ಹೊಟ್ಟೆಕಿಚ್ಚಾಯಿತೆಂದು ಹೇಳಲು ಸಂಕೋಚವಿಲ್ಲ. ಗಂಗೊಳ್ಳಿಯ ಅಳಿವೆಯ ಕೆಸರಿನಲ್ಲಿ ಪಕ್ಕೆಲುಬು ಕಾಣುವಂತೆ ಕರಗಿಹೋದ ಮಂಜಿಗಳಿಗೆ ಇಂಥ ಟ್ರಸ್ಟ್ ಯಾರೂ ಕಟ್ಟಲಿಲ್ಲ. ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಈಗಲೂ ಇವೆ; ಅವು ಓಡುವುದು ಎಂಜಿನ್ನಿನಿಂದ.

ಹೇಸ್ ಡಾಕ್‌ನ ವಸ್ತುಸಂಗ್ರಹಾಲಯದಲ್ಲಿ ಮಧ್ಯಾಹ್ನ ಕಳೆಯಿತು. ಶೆಟ್‌ಲ್ಯಾಂಡ್ ನಾರ್ವೆಯದ್ದೇ ಆಗಿತ್ತು. 1469ರಲ್ಲಿ ದೊರೆ ಮೊದಲನೆಯ ಕ್ರಿಶ್ಚಿಯನ್ ತನ್ನ ಮಗಳ ವರದಕ್ಷಿಣೆಯ ಬಾಬ್ತಿಗೆ ಸ್ಕಾಟ್‌ಲೆಂಡಿಗೆ ಅಡವಿಟ್ಟ, ಬಿಡಿಸಿಕೊಳ್ಳಲೇ ಇಲ್ಲ. ನಮ್ಮ ಜೊತೆಯ ನಾರ್ವೆಯವರು ಇದನ್ನು ನಿನ್ನೆಯ ಬಾಕಿಯಂತೆ ಹೇಳಿ ನಗುತ್ತಾರೆ. ಎರಡನೆಯ ಯುದ್ಧದಲ್ಲಿ ನಾವು ಬಂದ ಇದೇ ದಾರಿಯಲ್ಲಿ, ಚಳಿಗಾಲದ ದೀರ್ಘ ಕತ್ತಲೆಯನ್ನು ಮರೆಮಾಡಿಕೊಂಡು, ನಾರ್ವೆಯ ಮೀನುದೋಣಿಗಳು ಶಸ್ತ್ರಾಸ್ತ್ರಗಳನ್ನು ಅತ್ತ ಒಯ್ದು ನಿರಾಶ್ರಿತರನ್ನು ಇತ್ತ ತರುತ್ತಿದ್ದವು. ಅದನ್ನು ‘ಶೆಟ್‌ಲ್ಯಾಂಡ್ ಬಸ್’ ಎನ್ನುತ್ತಿದ್ದರು. ಅದರ ಹೆಸರಾಂತ ನಾವಿಕ ಲೈಫ್ ಲಾರ್ಸೆನ್ ಅವರ ಪ್ರತಿಮೆ ಬರ್ಗನ್‌ನಲ್ಲಿ ನಮ್ಮ ಧಕ್ಕೆಗೆ ಬರುವ ದಾರಿಯಲ್ಲೇ ಇದೆ.

ಭಾನುವಾರ, ಮತ್ತೆ ಸಮುದ್ರ

ಮಧ್ಯಾಹ್ನ ಲರ್ವಿಕ್ ಬಿಟ್ಟಾಗ ಗಾಳಿ ನೈಋತ್ಯದಿಂದ ಬೀಸುತ್ತಿತ್ತು. ಪೂರ್ವಕ್ಕೆ ಹೋಗುವ ಚೌಕ ಹಾಯಿಯ ಹಡಗಿಗೆ ಇದಕ್ಕಿಂತ ಒಳ್ಳೆಯ ಗಾಳಿ ಸಿಗದು. ಹಾಯಿಗಳು ಒಂದರ ಮೇಲೊಂದು ಉಬ್ಬುತ್ತ ಹೋದವು, ಹಡಗು ಹನ್ನೊಂದು ನಾಟ್ ಮುಟ್ಟಿತು, ನೀರು ಬದಿಯಲ್ಲಿ ನೊರೆಗಟ್ಟಿ ಹಿಂದಕ್ಕೆ ಓಡತೊಡಗಿತು.

ಹಡಗಿನ ಮೇಲೆ ನಾವು ಎಳೆಯುವುದನ್ನು ಕಲಿತ ಗುಂಪಾಗಿದ್ದೆವು, ಹೀಗಾಗಿ ಮಾತಿಗೂ ಬಿಡುವು ಸಿಕ್ಕಿತು. ನಮ್ಮ ಪಾಳಿಯಲ್ಲಿದ್ದ ಸ್ಕಾಟ್‌ಲೆಂಡಿನ ನಿವೃತ್ತ ದಾದಿಯೊಬ್ಬರು ಹಿಂದೆ ‘ಲಾರ್ಡ್ ನೆಲ್ಸನ್’ನಲ್ಲಿ ಹೋಗಿದ್ದವರು. ಅಂಗವಿಕಲರೂ ಇತರರೂ ಸಮಾನ ಸಿಬ್ಬಂದಿಯಾಗಿ ಕೆಲಸ ಮಾಡುವುದಕ್ಕೆಂದೇ 1980ರ ದಶಕದಲ್ಲಿ ಕಟ್ಟಿದ ಹಡಗದು. ಗಾಲಿಕುರ್ಚಿಯಲ್ಲಿರುವವರೂ ಚುಕ್ಕಾಣಿ ಹಿಡಿಯುವಂತೆ, ಕುರ್ಚಿಯ ಸಮೇತ ಕಂಬದ ಮೇಲೆ ಏರುವಂತೆ ಅದರಲ್ಲಿ ಏರ್ಪಾಡಿತ್ತು. 2019ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. ಅದನ್ನು ವಿನ್ಯಾಸ ಮಾಡಿದ ಕಾಲಿನ್ ಮಡೀ ಅವರೇ ನಮ್ಮ ನೌಕಾಪಡೆಯ ‘ತರಂಗಿಣಿ’ಯನ್ನೂ ವಿನ್ಯಾಸ ಮಾಡಿದವರು ಎಂದು ನಾನು ಹೇಳಿದಾಗ ಅವರಿಗೆ ಹಳೆಯ ನೆಂಟರು ಸಿಕ್ಕಿದಷ್ಟು ಖುಷಿಯಾಯಿತು. ಗೋವಾ ಶಿಪ್‌ಯಾರ್ಡ್ ಕಟ್ಟಿದ, 1997ರಲ್ಲಿ ನೌಕಾಪಡೆ ಸೇರಿದ, 54 ಮೀಟರಿನ ತರಂಗಿಣಿಯೂ ಮೂರು ಕಂಬಗಳ ಬಾರ್ಕ್. ಕೊಚ್ಚಿ ಅದರ ನೆಲೆ. 2003–04ರಲ್ಲಿ ಅದು ಭೂಪ್ರದಕ್ಷಿಣೆ ಮಾಡಿತು; ಭಾರತೀಯ ನೌಕಾಪಡೆಯ ಯಾವ ಹಡಗೂ ಅದಕ್ಕೆ ಮೊದಲು ಮಾಡದ ಯಾತ್ರೆ. 2012ರಲ್ಲಿ ಅದರ ತಂಗಿಯಾಗಿ ‘ಸುದರ್ಶಿನಿ’ ಬಂದಿತು. “ನಿಮ್ಮೂರಿನ ಹುಡುಗಿಯರು ಅದರಲ್ಲಿ ಹೋಗಬಹುದೇ?” ಎಂದು ಅವರು ಕೇಳಿದರು. ನೌಕಾಪಡೆ ಸೇರಿದರೆ ಹೋಗಬಹುದು ಎಂದೆ. ಎನ್‌ಸಿಸಿ ನೌಕಾದಳದ ಕೆಡೆಟ್‌ಗಳು ಸಣ್ಣ ಹಾಯಿದೋಣಿಗಳಲ್ಲಿ ಅಭ್ಯಾಸ ಮಾಡುವುದುಂಟು. ಆದರೆ ಮಲ್ಪೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬೇಸಿಗೆ ರಜೆಯಲ್ಲಿ ಅರ್ಜಿ ಹಾಕಿ ತರಂಗಿಣಿಯ ಹಗ್ಗ ಎಳೆದು ಬರುವಂತಿಲ್ಲ. ಇಷ್ಟು ಉದ್ದದ ಕರಾವಳಿಯ ದೇಶಕ್ಕೆ ಇದೊಂದು ಕೊರತೆಯೇ ಎಂಬುದು ನನ್ನ ಅಭಿಪ್ರಾಯ, ಮತ್ತು ಅದು ಹಣದ ಕೊರತೆಯಲ್ಲ. ಈ ಪ್ರವಾಸದ ಮರುವರ್ಷ, 2025ರ ಮೇ 21ರಂದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರ್ಪಡೆಯಾಯಿತು; ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಸುದ್ದಿ ಓದಿದ ದಿನ ಆ ದಾದಿಗೆ ಚಿತ್ರ ಕಳುಹಿಸಿದೆ.

ಸಂಜೆ ಗಾಳಿ ಬಲಿಯುವ ಲಕ್ಷಣ ಕಂಡು, ತುತ್ತತುದಿಯ ರಾಯಲ್ ಹಾಯಿಗಳನ್ನು ಸುತ್ತಿ ಕಟ್ಟಬೇಕೆಂದು ಆಜ್ಞೆಯಾಯಿತು. ಮೇಲೆ ಹತ್ತುವುದು ಟ್ರೈನಿಗಳಿಗೆ ಕಡ್ಡಾಯವಲ್ಲ. ಇಷ್ಟವಿದ್ದವರು ಮೊದಲೇ ಅಭ್ಯಾಸ ಮಾಡಿರಬೇಕು. ಅಣ್ಣನ ಮಗಳು ರಾಯಲ್‌ಗೆ ಹೊರಟಳು. ನಾನು ಕಂಬದ ಮೊದಲ ಅಟ್ಟಣಿಗೆಯವರೆಗೆ ಹೋಗಿ ಅದರ ಕೆಳಗಿನ ದೊಡ್ಡ ಹಾಯಿಯ ಕೆಲಸಕ್ಕೆ ಸೇರಿಕೊಳ್ಳುವುದೆಂದು ತೀರ್ಮಾನವಾಯಿತು.

ಜೇಬುಗಳನ್ನು ಪೂರ್ತಿ ಖಾಲಿ ಮಾಡಬೇಕು, ಕನ್ನಡಕಕ್ಕೆ ದಾರ ಕಟ್ಟಬೇಕು, ಸೊಂಟ ಮತ್ತು ತೊಡೆಗಳನ್ನು ಬಿಗಿಯುವ ಪಟ್ಟಿಯನ್ನು ಇನ್ನೊಬ್ಬರ ಕೈಯಿಂದ ಪರೀಕ್ಷಿಸಿಕೊಳ್ಳಬೇಕು. ಹತ್ತುವುದು ಯಾವಾಗಲೂ ಗಾಳಿ ಬೀಸುವ ಬದಿಯಿಂದ. ಗಾಳಿಯೇ ಮೈಯನ್ನು ಹಗ್ಗಗಳಿಗೆ ಒತ್ತಿ ಹಿಡಿಯುತ್ತದೆ. ಕಂಬವನ್ನು ಬಿಗಿದಿಟ್ಟ ಲಂಬವಾದ ಉಕ್ಕಿನ ಹಗ್ಗಗಳನ್ನೇ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲಿನಂತೆ ಅಡ್ಡಕ್ಕಿರುವುವು ಕಾಲಿಗೆ ಮಾತ್ರ. ಅಡ್ಡದ್ದು ತುಂಡಾಗಬಹುದು, ಲಂಬದ್ದು ತುಂಡಾಗುವ ಹೊತ್ತಿಗೆ ಕಂಬವೇ ಉಳಿದಿರುವುದಿಲ್ಲ. ಮೊದಲ ಹದಿನೈದು ಮೀಟರ್ ಏಣಿ ಹತ್ತಿದಂತೆಯೇ ಇತ್ತು. ಅಟ್ಟಣಿಗೆಯ ಕೆಳಗೆ ಬಂದಾಗ ಹಗ್ಗದ ಮೆಟ್ಟಿಲುಗಳು ಹೊರಕ್ಕೆ ವಾಲುತ್ತವೆ. ಬೆನ್ನು ಸಮುದ್ರದ ಕಡೆಗೆ ಜೋತು, ತಲೆ ಹಿಂದಕ್ಕೆ ಬಾಗಿ, ಅಂಚಿನ ಮೇಲಕ್ಕೆ ಮೈಯನ್ನು ಎತ್ತಿಕೊಳ್ಳಬೇಕು. ಅಲ್ಲಿ ನಾನು ನಿಂತುಬಿಟ್ಟೆ. ಮೇಲಿನಿಂದ ಅವಳ ದನಿ ಬಂದಿತು: “ಚಿಕ್ಕಪ್ಪ, ಕೈ ಬಿಗಿ ಹಿಡೀಬೇಡಿ, ಸುಸ್ತಾಗ್ತದೆ. ಕಾಲಲ್ಲಿ ಒತ್ತಿ, ಕಾಲಲ್ಲಿ!” ಕೊಕ್ಕೆಯೊಂದನ್ನು ಬಿಚ್ಚಿ ಮೇಲಿನ ಉಂಗುರಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಂದಿನಿಂದ ತಂದು, ಕಾಲಿನಿಂದ ಒತ್ತಿದೆ. ಅಂಚು ಎದೆಗೆ ತಾಗಿತು, ಮೊಣಕಾಲು ಅಟ್ಟಣಿಗೆಯ ಮೇಲೆ ಬಂದಿತು.

ತೊಲೆಯ ಮೇಲೆ ಕೆಲಸ ಮಾಡುವವರು ತೊಲೆಯ ಕೆಳಗೆ ಜೋತುಬಿದ್ದಿರುವ ಒಂದೇ ಉಕ್ಕಿನ ಹಗ್ಗದ ಮೇಲೆ ಸಾಲಾಗಿ ನಿಲ್ಲುತ್ತಾರೆ. ಹೊಸಬರು ಕಾಲಿಡುವ ಮುನ್ನ ಕೂಗಿ ಹೇಳಲೇಬೇಕು; ಇಲ್ಲದಿದ್ದರೆ ಅವರ ಭಾರಕ್ಕೆ ಹಗ್ಗ ಕುಸಿದು, ಆಗಲೇ ನಿಂತವರು ಬೆಚ್ಚಿಬೀಳುತ್ತಾರೆ. ತೊಲೆಯ ಮೇಲೆ ಹೊಟ್ಟೆ ಊರಿ, ಎರಡೂ ಕೈಯಿಂದ ಹಾಯಿಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಬಾಚಿ, ಮಡಿಕೆಗಳನ್ನು ಎದೆಯ ಕೆಳಗೆ ಅದುಮಿ ಹಿಡಿದು, ಎಲ್ಲರೂ ಒಟ್ಟಿಗೆ ಉರುಳಿಸಿ, ಕಟ್ಟುಹಗ್ಗ ಸುತ್ತಬೇಕು. ಒದ್ದೆ ಬಟ್ಟೆ ಹಲಗೆಯಷ್ಟು ಗಡುಸಾಗಿರುತ್ತದೆ. ನನ್ನ ಎಡಕ್ಕಿದ್ದ ಹದಿನೇಳರ ಹುಡುಗ, ಜೋಲಿಯ ಗಂಟು ಕಲಿಸಿದವನೇ, ತನ್ನ ಪಾಲಿನ ಬಟ್ಟೆಯನ್ನು ಹಿಡಿದುಕೊಂಡು ನಾನು ನನ್ನದನ್ನು ಮುಗಿಸುವವರೆಗೂ ಕಾದ. ನಾನು ಬಿಟ್ಟರೆ ಅವನದ್ದೂ ಬಿಚ್ಚಿಹೋಗುತ್ತಿತ್ತು. ಅವನು ನನ್ನ ಕಡೆ ನೋಡಲೂ ಇಲ್ಲ, ಬೇಗ ಮಾಡಿ ಎನ್ನಲೂ ಇಲ್ಲ. ನನ್ನ ತಮ್ಮನ ಪ್ರಶ್ನೆಗೆ ಉತ್ತರ ಕೊಡುವುದಿದ್ದರೆ ನಾನು ಈ ಹುಡುಗನನ್ನು ತೋರಿಸುತ್ತೇನೆ. ತರಗತಿಯಲ್ಲಿ ಎಷ್ಟು ಪಾಠ ಹೇಳಿದರೂ ಬಾರದ ಈ ಕಾಯುವ ಗುಣ ಅವನಿಗೆ ಬಂದದ್ದು, ಹಡಗು ಹತ್ತಿದ ಮೇಲೆ ಪಕ್ಕದವರು ಅವನಿಗಾಗಿಯೂ ಕಾದದ್ದರಿಂದ.

ನಡುರಾತ್ರಿಯ ಪಾಳಿಯಲ್ಲಿ ಮಳೆ ಹೊಡೆಯಿತು. ಕೈಗಳು ಉರಿಯುತ್ತಿದ್ದವು, ಅಡುಗೆಮನೆಯವರು ಬಿಸಿ ಸೂಪ್ ಇಟ್ಟಿದ್ದರು.

ಸೋಮವಾರ, ಬರ್ಗನ್

ಬೆಳಿಗ್ಗೆ ದ್ವೀಪಗಳ ಮರೆ ಸಿಕ್ಕಿದ ಮೇಲೆ ಉಳಿದ ಹಾಯಿಗಳನ್ನೂ ಸುತ್ತಿ, ಹಗ್ಗಗಳನ್ನು ಸುರುಳಿ ಮಾಡಿ ಗೂಟಗಳಿಗೆ ತೂಗುಹಾಕಿ, ಡೆಕ್ ತೊಳೆದು, ಜೋಲಿಗಳನ್ನು ಮಡಚಿ ಒಪ್ಪಿಸಿದೆವು. ಈ ಹಡಗಿಗೆ ಬಿಡುವು ಕಡಿಮೆ. 2021ರ ಆಗಸ್ಟ್‌ನಿಂದ 2023ರ ಏಪ್ರಿಲ್‌ವರೆಗೆ ಸಮುದ್ರದ ಆರೋಗ್ಯವನ್ನು ಅಳೆಯುವ ಉಪಕರಣಗಳನ್ನು ಹೊತ್ತು ಅದು ಜಗತ್ತು ಸುತ್ತಿ ಬಂದಿದೆ; ಶರತ್ಕಾಲದಲ್ಲಿ ನಾರ್ವೆಯ ನೌಕಾ ಅಕಾಡೆಮಿಯ ಕೆಡೆಟ್‌ಗಳು ಹತ್ತುತ್ತಾರೆ. ಯುದ್ಧನೌಕೆಗಳಲ್ಲಿ ಗುಂಡಿ ಒತ್ತಿ ಕೆಲಸ ಮಾಡಲಿರುವ ಅಧಿಕಾರಿಗಳಿಗೂ ಅಲ್ಲಿನ ಶಿಕ್ಷಣ ಹಗ್ಗದಿಂದ ಆರಂಭವಾಗುತ್ತದೆ.

ಧಕ್ಕೆಯಲ್ಲಿ ಎಲ್ಲರೂ ವಿಳಾಸ ಬದಲಾಯಿಸಿಕೊಳ್ಳುತ್ತಿದ್ದರು. ಪಾಳಿಯಲ್ಲಿದ್ದ ಇನ್ನೊಬ್ಬರು, ದಕ್ಷಿಣ ನಾರ್ವೆಯ ಶಿಕ್ಷಕಿ, ತಮ್ಮೂರಿನ ಹಳೆಯ ಮರದ ಹಡಗೊಂದಕ್ಕೆ ಪ್ರತಿ ಚಳಿಗಾಲದಲ್ಲಿ ಟಾರ್ ಬಳಿಯುವ, ಸಂದುಗಳಿಗೆ ನಾರು ತುಂಬುವ ಸ್ವಯಂಸೇವಕರ ಗುಂಪಿನವರು. ಅಣ್ಣನ ಮಗಳು ಆ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದಳು. ಸಂಬಳ ಎಷ್ಟು ಎಂದು ಕೇಳಿದೆ.

“ಸಂಬಳ ಎಂತದ್ದು ಇಲ್ಲ ಚಿಕ್ಕಪ್ಪ, ಮಧ್ಯಾಹ್ನಕ್ಕೆ ಊಟ ಉಂಟಂತೆ. ಕೈಗವಸು ನಾವೇ ತರಬೇಕಂತೆ.”